ಹತ್ತು ಸೆಂಟಿಮೀಟರ್

ಸೈಕಲ್ಲಿನ ಮೀಟರಿಗೆ ಹೊಸ ಸೆಲ್ ಹಾಕಿದರೆ ಅದು ಮೊದಲು ಚಕ್ರದ ಸುತ್ತಳತೆ ಕೇಳುತ್ತದೆ. ಎರಡು ಸಾವಿರದ ನೂರ ಐದು ಮಿಲಿಮೀಟರ್ ಎಂದು ಒತ್ತಬೇಕಿತ್ತು. ಒಲೆಯ ಮೇಲೆ ಹಾಲಿತ್ತು, ಮಗಳು ಒಂದು ಕಾಲುಚೀಲ ಹಿಡಿದುಕೊಂಡು ಇನ್ನೊಂದಕ್ಕಾಗಿ ಮನೆಯೆಲ್ಲ ಸುತ್ತುತ್ತಿದ್ದಳು. ನಾನು ನೂರ ಐದರ ಜಾಗದಲ್ಲಿ ಇನ್ನೂರ ಐದು ಒತ್ತಿದೆ. ಹೊಲಿಗೆಯವಳು ನಾನು; ದಿನವಿಡೀ ಕೊರಳಲ್ಲಿ ಟೇಪು. ತೋಳು ಕಾಲಿಂಚು ಹೆಚ್ಚುಕಡಿಮೆಯಾದರೂ ಬಿಚ್ಚಿ ಹೊಲಿಯುವವಳು, ಹತ್ತು ಸೆಂಟಿಮೀಟರ್ ತಪ್ಪಿದೆ.

ನಮ್ಮ ಸೈಕಲ್ ಕ್ಲಬ್ಬಿನಲ್ಲಿ ಋತುವಿನ ಕೊನೆಯ ಟೈಮ್ ಟ್ರಯಲ್, ಅಂದರೆ ಗಡಿಯಾರದೊಡನೆ ಪಂದ್ಯ, ಜೋಡಿಗಳಿಗೆ. ಇಪ್ಪತ್ತು ಕಿಲೋಮೀಟರ್. ಇಬ್ಬರೂ ಒಟ್ಟಿಗೆ ಹೊರಡಬೇಕು, ಹಿಂದೆ ಬಂದವರ ಸಮಯವೇ ಲೆಕ್ಕ. ನನ್ನದೂ ನನ್ನ ಗಂಡನದೂ ಒಂದು ಜೋಡಿ; ಅದರಲ್ಲಿ ಹಿಂದೆ ಬರುವವಳು ಯಾರೆಂದು ಕೇಳುವಂತೆಯೇ ಇಲ್ಲ. ಕಳೆದ ಮೂರು ವರ್ಷವೂ ನಲವತ್ತು ನಿಮಿಷಕ್ಕಿಂತ ಕೆಳಗೆ ಇಳಿದಿರಲಿಲ್ಲ. ಇವರು ಬಾಯಿಬಿಟ್ಟು ಬೈದವರಲ್ಲ. ಗೆರೆ ದಾಟಿ ಗಡಿಯಾರ ನೋಡಿ, ‘ಸರಿ ಬಿಡು’ ಎನ್ನುವರು. ಆ ‘ಸರಿ ಬಿಡು’ ವಾರಗಟ್ಟಲೆ ನನ್ನ ಬೆನ್ನು ಬಿಡುತ್ತಿರಲಿಲ್ಲ.

ನಾವು ಅಭ್ಯಾಸ ಮಾಡುತ್ತಿದ್ದ ರಸ್ತೆಯನ್ನು ಈ ಸಲ ಪೈಪು ಹಾಕಲು ಅಗೆದಿದ್ದರು. ಕಾಲುವೆ ಪಕ್ಕದ ರಸ್ತೆಗೆ ಹೋದೆವು. ಅಲ್ಲಿ ಮೈಲಿಗಲ್ಲುಗಳಿಲ್ಲ. ನನ್ನ ಮೀಟರಿನಲ್ಲಿ ಹತ್ತು ಕಿಲೋಮೀಟರ್ ಆದ ಕೂಡಲೇ ತಿರುಗಿ ಬರುವುದು. ಮೊದಲ ದಿನವೇ ಮೂವತ್ತೆಂಟು ನಿಮಿಷ ಚಿಲ್ಲರೆ. ಇವರು ಗಡಿಯಾರವನ್ನು ಎರಡು ಸಲ ನೋಡಿ, ನನ್ನ ಸೈಕಲ್ಲನ್ನು ತಾವೇ ಮನೆಯೊಳಗೆ ಎತ್ತಿ ತಂದರು. ಕನ್ನಡಕದ ಅಂಗಡಿಯಲ್ಲಿ ಇವರದು ಮಸೂರ ಉಜ್ಜುವ ಕೆಲಸ. ಅಲ್ಲಿಗೆ ಬಂದವರಿಗೆಲ್ಲ ಹೆಂಡತಿಯ ಕಾಲಿನ ಗುಣಗಾನವಾಯಿತಂತೆ. ಅತ್ತೆಯಂತೂ, ‘ನನ್ನ ಸೊಸೆ ಸಂತೆಗೆ ಹೋದರೆ ಚೀಲಕ್ಕಿಂತ ಮೊದಲು ಅವಳೇ ಮನೆ ಸೇರ್ತಾಳೆ’ ಎಂದು ನೆರೆಯವರನ್ನು ನಗಿಸಿದರು. ನನಗೂ ಹಿಗ್ಗು. ಬಟ್ಟೆ ಒಣಹಾಕುವಾಗ ಒಬ್ಬಳೇ ನಗುತ್ತಿದ್ದೆ.

ಆಮೇಲೊಂದು ದಿನ ಮಗಳ ಉಡುಪಿಗೆ ಗುಂಡಿ ಹುಡುಕುವಾಗ ಮೀಟರಿನ ಚೀಟಿ ಸಿಕ್ಕಿತು. ಓದಿದೆ. ಹೋಗಿ ಮೀಟರ್ ನೋಡಿದೆ. ಚಕ್ರ ಸುತ್ತಿದಾಗಲೆಲ್ಲ ಅದು ಹತ್ತು ಸೆಂಟಿಮೀಟರ್ ಹೆಚ್ಚು ಎಣಿಸುತ್ತಿತ್ತು; ನಾವು ಹೋಗಿಬರುತ್ತಿದ್ದುದು ಇಪ್ಪತ್ತಲ್ಲ, ಹತ್ತೊಂಬತ್ತು. ಚೀಟಿಯನ್ನು ಮಡಿಸಿ ಗುಂಡಿಗಳ ಕೆಳಗೆ ಇಟ್ಟೆ. ಇವತ್ತು ಹೇಳೋಣ, ಊಟವಾದ ಮೇಲೆ ಹೇಳೋಣ ಎನ್ನುತ್ತ ಒಂಬತ್ತು ದಿನ ತಳ್ಳಿದೆ. ಒಂಬತ್ತು ದಿನವೂ ಬೆಳಗ್ಗೆ ಅದೇ ಮೀಟರ್ ನೋಡಿ, ‘ಹಾ, ಹತ್ತಾಯ್ತು, ತಿರುಗಿ’ ಎಂದು ನಾನೇ ಕೂಗಿದೆ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಇವರು ಚೈನಿಗೆ ಎಣ್ಣೆ ಬಿಡುತ್ತ, ಅರ್ಜಿಯಲ್ಲಿ ಮೂವತ್ತೆಂಟು ಎಂದು ಬರೆದುಕೊಟ್ಟೆ ಎಂದರು. ಬರೆದುಕೊಟ್ಟ ಸಮಯ ನೋಡಿಯೇ ಸರದಿ: ನಿಧಾನದವರು ಮೊದಲು, ಜೋರಿನವರು ಕೊನೆಗೆ, ನಿಮಿಷಕ್ಕೊಂದು ಜೋಡಿ. ನಾನು ಹೇಳದಿದ್ದರೆ ನಾವು ಜೋರಿನವರ ನಡುವೆ ಸಿಕ್ಕಿಕೊಳ್ಳುತ್ತಿದ್ದೆವು. ಹಿಂದಿನಿಂದ ಬಂದವರೆಲ್ಲ ಒಬ್ಬೊಬ್ಬರಾಗಿ ಇವರನ್ನು ದಾಟಿ ಹೋಗುವುದನ್ನು ಇಡೀ ಕ್ಲಬ್ಬು ನಿಂತು ನೋಡುತ್ತಿತ್ತು. ಕಾರಣ ಗೊತ್ತಿಲ್ಲದೆ ಇವರು ‘ಸರಿ ಬಿಡು’ ಎನ್ನುತ್ತಿದ್ದರು.

ಹೇಳಿಬಿಟ್ಟೆ. ನೆಲ ನೋಡಿಕೊಂಡೇ ಹೇಳಿದೆ. ಗೊತ್ತಾಗಿ ಒಂಬತ್ತು ದಿನವಾಯಿತು ಎಂಬುದನ್ನೂ ಹೇಳಿದೆ. ಇವರು ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದರು, ಕೈ ತೊಳೆದರು, ಅಂಗಿ ಬದಲಿಸಿದರು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಇಬ್ಬರೂ ಕ್ಲಬ್ಬಿಗೆ ನಡೆದೆವು.

ಕ್ಲಬ್ಬಿನಲ್ಲಿ ಸರದಿಯ ಪಟ್ಟಿ ಬರೆಯುತ್ತಿದ್ದವರು ನಿವೃತ್ತ ಲೆಕ್ಕದ ಮೇಷ್ಟ್ರು. ಸುತ್ತ ಏಳೆಂಟು ಜನ ಟೈರು ನೋಡುತ್ತ ನಿಂತಿದ್ದರು. ಇವರು ಮೆಲ್ಲಗೆ, ‘ನಮ್ಮದನ್ನು ನಲವತ್ತು ಮಾಡಿ, ಅಳತೆಯಲ್ಲಿ ನಾನು ತಪ್ಪಿದೆ’ ಎಂದರು.

“ಏನಪ್ಪಾ, ಊರಿಗೆಲ್ಲ ಕನ್ನಡಕ ಮಾಡ್ಕೊಡೋನಿಗೇ ಕಣ್ಣು ಕಾಣ್ಲಿಲ್ವಾ?” ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು. ಇವರೂ ನಕ್ಕರು. ಸುಮ್ಮನಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ನನ್ನ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಗಿತ್ತು.

“ತಪ್ಪಿದ್ದು ಇವರಲ್ಲ, ಮೇಷ್ಟ್ರೇ. ಅಳತೆ ಹಾಕಿದ್ದು ನಾನು. ಗೊತ್ತಾದ್ಮೇಲೂ ಹೇಳ್ದೆ ಬಚ್ಚಿಟ್ಟಿದ್ದೂ ನಾನೇ.”

ನಗು ನಿಂತಿತು. ಯಾರೋ ಟೈರನ್ನು ಸುಮ್ಮಸುಮ್ಮನೆ ಒತ್ತಿ ನೋಡಿದರು. ಮೇಷ್ಟ್ರು ತಲೆಯೆತ್ತದೆ ಮೂವತ್ತೆಂಟನ್ನು ಹೊಡೆದುಹಾಕಿ ನಲವತ್ತು ಬರೆದು, ಮೂರನೆಯ ಜೋಡಿ, ನಾಳೆ ಬೇಗ ಬನ್ನಿ ಎಂದರು.

ಹೊರಗೆ ಬಂದು ಬೀದಿ ತಿರುಗುವವರೆಗೂ ನಾನು ಎರಡು ಹೆಜ್ಜೆ ಹಿಂದೆಯೇ ಇದ್ದೆ. ಇವರು ನಿಂತರು.

“ನನ್ ಹತ್ರ ಹೇಳೋಕೆ ಅಷ್ಟೊಂದು ಭಯಾನಾ ನಿಂಗೆ?”

“ಭಯ ಅಲ್ಲ ರೀ. ಆ ಹದಿನೈದು ದಿನ ನೀವು ನನ್ನನ್ನ ನೋಡ್ತಿದ್ದ ರೀತಿ ಇದ್ಯಲ್ಲ... ಅದು ಹೋಗತ್ತೆ ಅಂತ.”

ಇಲ್ಲ, ಹಾಗೇನಿಲ್ಲ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಇವರ ಮುಖವೂ ನನ್ನದರಂತೆಯೇ ಕೆಂಪಾಗಿತ್ತು. ನಾಚಿಕೆ ನನ್ನೊಬ್ಬಳದೇ ಎಂದುಕೊಂಡಿದ್ದೆ.