ಎರಡನೆಯ ಪಂಕ್ತಿ

ಪ್ರತಿ ವಾರದ ಮೊದಲ ದಿನ ಸಂಜೆ ಶೆಲೋಮಿತಳ ಮನೆಯಲ್ಲಿ ಸಹಭೋಜನ. ಅಂತಿಯೋಕ್ಯದ ಆ ಓಣಿಯಲ್ಲಿ ಕ್ರಿಸ್ತನನ್ನು ನಂಬಿದವರು, ಯೆಹೂದ್ಯರಾಗಲಿ ಗ್ರೀಕರಾಗಲಿ, ಒಂದೇ ಮೇಜಿಗೆ ಕೂತು ಒಂದೇ ರೊಟ್ಟಿ ಮುರಿದು ತಿನ್ನುತ್ತಿದ್ದರು. ರೊಟ್ಟಿ ನಾದುವುದು ವಿಧವೆ ಶೆಲೋಮಿತಳ ಕೆಲಸ. ಮೀನು ತರುವವಳು ಗ್ರೀಕರ ಕುಂಬಾರಗಿತ್ತಿ ನಿಕಾರೆತೆ. ಹೋದ ಚಳಿಗಾಲ ಶೆಲೋಮಿತ ಜ್ವರದಿಂದ ಮಲಗಿದಾಗ ಬಾರ್ಲಿ ಗಂಜಿ ಕುಡಿಸಿ ಬದುಕಿಸಿದವಳೂ ಇವಳೇ. ಆ ಗಂಜಿಗೆ ಮೈಲಿಗೆಯಿದೆಯೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಯೆರೂಸಲೇಮಿನ ಸಭೆಯಿಂದ ಯೆಹೂದ್ಯ ಅತಿಥಿಗಳು ಬಂದ ಮೇಲೆ. ಅವರೇನೂ ಬಯ್ಯಲಿಲ್ಲ; ಗ್ರೀಕರು ರೊಟ್ಟಿ ಅದ್ದಿದ ಬಟ್ಟಲು ಕಂಡು ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು, ಅಷ್ಟೆ. ಶೆಲೋಮಿತಳ ಅಣ್ಣ, ಸಭೆಯ ಹಿರಿಯ ಹನನೇಲನಿಗೆ ಅಷ್ಟು ಸಾಕಾಯಿತು. ಅಂಗಳದಲ್ಲಿ, ಕತ್ತೆಯ ಗೂಟದ ಪಕ್ಕ, ಎರಡನೆಯ ಮೇಜು ಬಿತ್ತು. ಸುನ್ನತಿಯಾದ ಯೆಹೂದ್ಯರ ಮನೆಯವರು ಒಳಗೆ, ಉಳಿದವರು ಹೊರಗೆ. ರೊಟ್ಟಿಯೂ ಎರಡಾಯಿತು.

ಆ ತಿಂಗಳೇ ನಿಕಾರೆತೆಯ ತಂದೆ ತೀರಿಕೊಂಡ. "ನನ್ನನ್ನ ಒಳಗೆ ಯಾವಾಗ ಕರೀತಾರೆ?" ಎಂದು ಕೊನೆಯವರೆಗೂ ಕೇಳುತ್ತಿದ್ದನಂತೆ ಮುದುಕ. ಶೆಲೋಮಿತ ಬೇಳೆ ಬೇಯಿಸಿಕೊಂಡು ಹೊರಟಳು. "ಕೊಟ್ಟು ಬಾ, ಕೂತು ಉಣ್ಣಬೇಡ" ಎಂದು ಅಣ್ಣ ಜೊತೆಗೇ ಬಂದ. ಹೊಸ್ತಿಲಲ್ಲೇ ಪಾತ್ರೆಯಿಟ್ಟು ಇಬ್ಬರೂ ಮರಳಿದರು. ಸಾವಿನ ಮನೆಯಲ್ಲಿ ಮಗಳು ಒಬ್ಬಳೇ ಉಂಡಳು.

ಇವತ್ತು ಸಹಭೋಜನಕ್ಕೆ ಮುಂಚೆ ನಿಕಾರೆತೆ ಆ ಪಾತ್ರೆ ಹಿಡಿದು ಅಡುಗೆಮನೆಗೆ ಬಂದಿದ್ದಳು.

"ತಗೋ ಅಕ್ಕ. ತೊಳೆದಿದೀನಿ. ನನ್ನ ಕೈ ತೊಳೆದದ್ದು ಸಾಲದಿದ್ರೆ ಇನ್ನೊಂದ್ಸಲ ತೊಳ್ಕೋ. ಇನ್ಮೇಲೆ ನಾನು ಬರಲ್ಲ."

ಶೆಲೋಮಿತ ಹಿಟ್ಟಿನ ಕೈಯಲ್ಲೇ ಮೂಗು ಹಿಡಿದು, ಅಣ್ಣನ ದನಿ ತೆಗೆದಳು: "ತಂಗೀ, ಪ್ರೀತಿ ಒಂದೇ ಕಣಮ್ಮಾ, ಬಟ್ಟಲು ಮಾತ್ರ ಬೇರೆ ಬೇರೆ!"

ನಿಕಾರೆತೆಗೆ ನಗು ಬಂತು, ಹಿಂದೆಯೇ ಅಳು.

"ನನ್ನನ್ನೇ ಅಣಕಿಸ್ತೀಯಾ?" ಬಾಗಿಲಲ್ಲಿ ಹನನೇಲ.

"ಮಾತು ನಿಂದೇ ಅಣ್ಣ. ಮೂಗು ಮಾತ್ರ ನಂದು."

"ನಗಬೇಡ. ಈ ನಿಯಮಕ್ಕೋಸ್ಕರ, ಹಂದಿ ಮುಟ್ಟಲ್ಲ ಅಂತ, ನಮ್ಮ ಹಿರಿಯರು ಜೀವ ಕೊಟ್ಟಿದಾರೆ. ಅದನ್ನ ನಾನು ಒಂದು ಊಟಕ್ಕೆ ಬಿಡ್ಲಾ?"

"ಅವರು ಜೀವ ಕೊಟ್ಟಿದ್ದು ದೇವರಿಗೆ, ಮೇಜಿಗಲ್ಲ. ಹಂದಿ ತಿನ್ನು ಅಂತ ನಿಂಗ್ಯಾರು ಹೇಳಿದ್ರು? ಮೀನು, ರೊಟ್ಟಿ ನಿನ್ನ ಕಣ್ಣೆದುರೇ ಬೆಂದಿದೆ. ಅಡುಗೇಲಿ ಸಿಗದ ಮೈಲಿಗೇನ ಪಕ್ಕದಲ್ಲಿ ಕೂತೋರಲ್ಲಿ ಹುಡುಕ್ತಿದೀಯ. ಎಲ್ರೂ ದೂರ ಇಟ್ಟ ಸುಂಕದವನ ಮನೇಲಿ ಉಂಡ ಕ್ರಿಸ್ತನ ಹೆಸರು ಹೇಳ್ಕೊಂಡು, ಅಪ್ಪ ಸತ್ತ ಹುಡುಗೀನ ಒಂಟಿಯಾಗಿ ಉಣ್ಣೋಕೆ ಬಿಟ್ವಿ. ಅದು ಮಡಿಯಾ?"

ಹನನೇಲ ತಗ್ಗಿದ ದನಿಯಲ್ಲಿ ಹೇಳಿದ: "ಅತಿಥಿಗಳು ಕಾಯ್ತಿದಾರೆ. ಎರಡನೇ ರೊಟ್ಟಿ ಎಲ್ಲಿ?"

"ನಾದಿಲ್ಲ."

ಇದ್ದ ಒಂದು ರೊಟ್ಟಿಯನ್ನು ಎತ್ತಿಕೊಂಡು, ನಿಕಾರೆತೆಯ ತೋಳು ಹಿಡಿದು, ಶೆಲೋಮಿತ ಒಳಗಿನ ಮೇಜನ್ನು ದಾಟಿ ನಡೆದಳು. ಅತಿಥಿಗಳ ಕೈಗಳು ತೋಳಿನೊಳಗೇ ಉಳಿದವು. ಅಂಗಳದ ಮೇಜಿನ ಮೇಲೆ ರೊಟ್ಟಿಯಿಟ್ಟು, ಗ್ರೀಕರ ನಡುವೆ ಕೂತು, ತಾನೇ ಮುರಿದಳು. ಮೊದಲ ತುಂಡು ನಿಕಾರೆತೆಗೆ. ತನ್ನ ತುಂಡನ್ನು ಅವಳ ಬಟ್ಟಲಿಗೇ ಅದ್ದಿದಳು.

"ಇಲ್ಲಿ ನಾವೇನು ಮುರಿಯೋದು?" ಹನನೇಲ ಹೊಸ್ತಿಲಿನಿಂದ ಕೂಗಿದ.

"ಎಲ್ರನ್ನೂ ಕರ್ಕೊಂಡು ಬಾ ಅಣ್ಣ, ಜಾಗ ಇದೆ. ಕತ್ತೆ ಒಂಚೂರು ಸರೀಬೇಕು, ಅಷ್ಟೆ. ಬಾಗಿಲು ತೆರೆದೇ ಇದೆ. ಇವತ್ತು ಹೊರಗಿರೋರು ನೀವು."