ಬಿಸಿ ಎಂಜಿನ್

ಬೈಕ್ ಕೊಳ್ಳಲು ಹೊರಟವನು ದಂತವೈದ್ಯ. ಜೊತೆಗೆ ಬಂದವಳು ಅವನ ಅಕ್ಕ, ವಿಮಾ ಕಂಪನಿಯಲ್ಲಿ ಅಪಘಾತದ ಕ್ಲೇಮುಗಳನ್ನು ಪರಿಶೀಲಿಸುವವಳು. ಯಾರಾದರೂ ನಮಸ್ಕಾರ ಎಂದರೆ ಅದಕ್ಕೂ ಸಾಕ್ಷಿ ಕೇಳುವ ಪೈಕಿ.

ಕಾಲೇಜಿನಲ್ಲಿದ್ದಾಗ ಅವನು ಹಾಸ್ಟೆಲ್ ಗೋಡೆಗೆ ಚಿತ್ರ ಅಂಟಿಸಿಕೊಂಡಿದ್ದ ಜಪಾನಿನ ಸ್ಪೋರ್ಟ್ಸ್ ಬೈಕ್ ಅದು. ಲಿಮಿಟೆಡ್ ಎಡಿಷನ್, ಹ್ಯಾಂಡಲಿನ ನಡುವೆ ಕ್ರಮಸಂಖ್ಯೆ ಕೊರೆದ ಪುಟ್ಟ ತಗಡು. ಊರಿಗೆಲ್ಲ ಇದೊಂದೇ. ಕೈತಪ್ಪಿದರೆ ಇನ್ನೊಂದು ಸಿಗುವ ಮಾತಿಲ್ಲ.

"ದಿನವಿಡೀ ಬೇರೆಯವರಿಗೆ ಬಾಯಿ ತೆಗೀರಿ ಅಂತೀಯ, ನೀನು ಸ್ವಲ್ಪ ಮುಚ್ಕೋ," ಎಂದಳು ಅಕ್ಕ, ಗೇಟಿನ ಬಳಿ. "ಆಸೆ ಎಲ್ಲಾ ಹೊರಗೆ ಕಾಣ್ತಿದೆ."

ಮಾರುವವನು ಔಷಧಿ ಅಂಗಡಿಯವನು. ಶೆಡ್ಡಿನಲ್ಲಿ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದ ಬೈಕನ್ನು ತೋರಿಸಿದ. ಅಕ್ಕ ನೇರವಾಗಿ ಎಂಜಿನ್ ಮುಟ್ಟಿದಳು.

"ಬಿಸಿ ಇದೆ."

ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಮೊಂಡುಹಿಡಿಯುವ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಬಿಸಿ ಮಾಡಿಡುವುದು ಹಳೆಯ ಗಾಡಿ ಮಾರುವವರ ಹಳೆಯ ವಿದ್ಯೆ.

"ಯಾಕೆ ಮಾರ್ತಿದೀರಿ?"

"ಬೆನ್ನು ನೋವು ಮೇಡಂ."

ನೀರು ತಂದ ಅವನ ಹೆಂಡತಿ ಅಲ್ಲೇ ನಿಂತಳು. "ಯಾರಿಗ್ರೀ? ಬೆಳಿಗ್ಗೆ ತಾನೆ ಬೀರುನ ಒಬ್ರೇ ಆ ಕಡೆ ತಳ್ಳಿದ್ರಿ?"

"ಮಂಡಿನೂ ನೋವು," ಎಂದು ಸೇರಿಸಿದ.

"ಗಾಡಿ ಎಲ್ಲಾದ್ರೂ ಬಿದ್ದಿತ್ತಾ?"

"ಬಿದ್ದಿಲ್ಲ ಅಂತ ಹೇಗೆ ಹೇಳೋದು?"

"ನೀವೇ ತಾನೆ ಓಡಿಸಿದ್ದು?"

"ನಾನೇ. ಆದ್ರೂ..." ಎಂದು ಸೂರು ನೋಡಿದ.

ದಂತವೈದ್ಯ ಅಕ್ಕನನ್ನು ಪಕ್ಕಕ್ಕೆ ಎಳೆದ. "ಬೇಡ, ನಡಿ ಅಕ್ಕ. ಏನೋ ಮುಚ್ಚಿಡ್ತಿದಾನೆ."

"ಮುಚ್ಚಿಡೋನು ಇಷ್ಟು ಕೆಟ್ಟದಾಗಿ ಸುಳ್ಳು ಹೇಳಲ್ಲ ಕಣೋ. ನನ್ನ ಹತ್ರ ಬರೋ ಕಳ್ಳರು ಎಷ್ಟು ನಾಜೂಕು ಗೊತ್ತಾ? ಇವನು ನಮ್ಮನ್ನ ಓಡಿಸೋಕೆ ನೋಡ್ತಿದಾನೆ." ಆಮೇಲೆ ದನಿ ಎತ್ತಿದಳು: "ತಣ್ಣಗಾಗೋವರೆಗೂ ಕೂತಿರ್ತೀವಿ."

"ತುಂಬಾ ಹೊತ್ತಾಗುತ್ತೆ ಮೇಡಂ."

"ರಜೆ ಹಾಕಿ ಬಂದಿದೀನಿ."

ಹೆಂಡತಿ ಹುರುಪಿನಿಂದ ಕುರ್ಚಿ ತಂದಳು. "ಇದು ಹೋದ್ರೆ ತಾನೆ ಕಾರಿಗೆ ಜಾಗ ಆಗೋದು! ಬಂದೋರೆಲ್ಲ ಮುಟ್ಟಿ ನೋಡಿ ಹಾಗೇ ಹೋಗ್ತಾರೆ, ಯಾಕೋ ಗೊತ್ತಿಲ್ಲ. ಗಿರಾಕಿ ಬರ್ತಾರೆ ಅಂದ್ರೆ ಸಾಕು, ಇವರು ಮೊದ್ಲೇ ಒಂದು ಸುತ್ತು ಹೊಡ್ಕೊಂಡು ಬಂದು ರೆಡಿ ಮಾಡಿಡ್ತಾರೆ, ಪಾಪ."

ಔಷಧಿ ಅಂಗಡಿಯವನು ತನ್ನ ಕಾಲುಗುರುಗಳನ್ನು ಪರೀಕ್ಷಿಸತೊಡಗಿದ. ಅಕ್ಕ ತಮ್ಮನತ್ತ ಹುಬ್ಬೇರಿಸಿದಳು.

ಎಂಜಿನ್ ತಣ್ಣಗಾಯಿತು. ಗುಂಡಿ ಮುಟ್ಟುತ್ತಲೇ ಸ್ಟಾರ್ಟ್ ಆಯಿತು. ಆ ಸದ್ದಿಗೆ ಇಬ್ಬರು ಗಂಡಸರ ಕಣ್ಣೂ ತುಂಬಿದವು, ಕಾರಣ ಬೇರೆ ಬೇರೆ.

ಮರುವರ್ಷ ದಂತವೈದ್ಯನಿಗೆ ಮಗಳು ಹುಟ್ಟಿದಳು. "ಮಗುನ ಎಲ್ಲಿ ಕೂರಿಸ್ತೀರಿ, ಪೆಟ್ರೋಲ್ ಟ್ಯಾಂಕ್ ಮೇಲಾ?" ಎಂದು ಹೆಂಡತಿ ಕೇಳಿದಳು. ಜಾಹೀರಾತನ್ನು ಅವಳೇ ಹಾಕಿದಳು. ಮೊದಲ ಗಿರಾಕಿ ಬರುವ ದಿನ ಅವನು ಊರಾಚೆ ಒಂದು ಸುತ್ತು ಹೊಡೆದು ಬಂದು, ಬೈಕಿಗೆ ಬೆಡ್‌ಶೀಟ್ ಹೊದಿಸಿ, ಸೊಂಟ ಹಿಡಿದುಕೊಂಡು ನಿಂತ.

ಗೇಟು ತೆರೆದು ಬಂದವನು ಔಷಧಿ ಅಂಗಡಿಯವನು.

ಬೆಡ್‌ಶೀಟ್ ಎತ್ತಿ ಎಂಜಿನ್ನಿಗೆ ಅಂಗೈ ತಾಗಿಸಿದ. ಸ್ವಲ್ಪ ಹೊತ್ತು ತೆಗೆಯಲಿಲ್ಲ.

"ಬೆನ್ನು ನೋವಾ ಸರ್?"

"ಹೂಂ... ಮಂಡಿನೂ."

"ಪರವಾಗಿಲ್ಲ." ಅವನು ಕುರ್ಚಿ ಎಳೆದುಕೊಂಡು ಕೂತ. "ಅಂಗಡಿ ಮುಚ್ಚಿ ಬಂದಿದೀನಿ, ಮನೇಲೂ ಹೇಳಿಲ್ಲ. ತಣ್ಣಗಾಗ್ಲಿ."