ಜಾಗ್ರತೆ ಮಾವನ ಕ್ಯಾಮೆರಾ

ಆ ಕಟ್ಟಡದ ಮೂವತ್ತೊಂದು ಮನೆಗಳ ಸುರಕ್ಷತೆಯ ಭಾರವನ್ನೆಲ್ಲ ಎರಡನೆಯ ಮಹಡಿಯ ಜಾಗ್ರತೆ ಮಾವ ಒಬ್ಬರೇ ಹೊತ್ತಿದ್ದರು. ಹೊರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತು ವರ್ಷ ಬೀಗದ ಕೈ ಕಾಯ್ದು ನಿವೃತ್ತರಾದವರು, ಕಾಯಲು ಬೇರೇನೂ ಸಿಗದೆ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಕಟ್ಟಡವನ್ನೇ ಕಾಯತೊಡಗಿದ್ದರು. ಬೆಳಗಾಗುವುದೇ ತಡ, ಸಂಘದವರ ಮೊಬೈಲ್ ಗುಂಪಿಗೆ ಅವರ ಸಂದೇಶ ಬಂದು ಬೀಳುತ್ತಿತ್ತು. ಜಾಗ್ರತೆ, ಗೊತ್ತಿಲ್ಲದವರ ಲಿಂಕ್ ಒತ್ತಬೇಡಿ. ಜಾಗ್ರತೆ, ಕಂಡಕಂಡಲ್ಲಿ ಫೋನ್ ಚಾರ್ಜ್ ಮಾಡಬೇಡಿ. ಜಾಗ್ರತೆ, ಇದನ್ನು ಇಪ್ಪತ್ತು ಜನಕ್ಕೆ ತಪ್ಪದೆ ಕಳಿಸಿ. ಅವರ ನಿಜವಾದ ಹೆಸರು ಜನಕ್ಕೆ ಮರೆತೇ ಹೋಗಿತ್ತು.

ನೆಲಮಹಡಿಯಲ್ಲಿ ಟೈಲರಮ್ಮನ ಮನೆ. ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಹಸಿರು ಪರದೆ ಎಳೆದ ಒಂದು ಸಣ್ಣ ಜಾಗ. ಹೊಲಿದದ್ದನ್ನು ಹಾಕಿಕೊಂಡು ನೋಡಲು ಹೆಂಗಸರು ಹೋಗುತ್ತಿದ್ದದ್ದು ಅಲ್ಲಿಗೆ. ಆ ಮೂಲೆಗೆ ಗಾಳಿ ಬೆಳಕು ಬರಲೆಂದು ಮೆಟ್ಟಿಲ ಕಡೆಯ ಗೋಡೆಯಲ್ಲಿ, ಎತ್ತರದಲ್ಲಿ, ಒಂದು ಕಿಟಕಿಯಿತ್ತು. ಆಳೆತ್ತರದ ಮನುಷ್ಯ ಮೆಟ್ಟಿಲಲ್ಲಿ ತುದಿಗಾಲಲ್ಲಿ ನಿಂತರೂ ಅದರೊಳಗೆ ಇಣುಕುವಂತಿರಲಿಲ್ಲ. ಹನ್ನೆರಡು ವರ್ಷದಿಂದ ಟೈಲರಮ್ಮ ಆ ಕಿಟಕಿಯ ಬಗ್ಗೆ ಯೋಚಿಸಿದವಳೇ ಅಲ್ಲ.

ಹೀಗಿರುವಾಗ ಮೂರನೆಯ ಮಹಡಿಯವರ ಮನೆಮುಂದಿಂದ ಒಂದು ಜೊತೆ ಹಳೆ ಚಪ್ಪಲಿ ಕಾಣೆಯಾಯಿತು. ಅವರ ಮನೆಯ ನಾಯಿಯೇ ಅದನ್ನು ಮಂಚದ ಕೆಳಗೆ ಒಯ್ದು ಅಗಿದುಹಾಕಿತ್ತೆಂದು ಎರಡು ದಿನದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮಾವ ಮೆಟ್ಟಿಲ ತಿರುವಿನಲ್ಲಿ, ಚಾವಣಿಗೆ ತಾಗುವಂತೆ, ಒಂದು ಕ್ಯಾಮೆರಾ ಹಾಕಿಸಿಯಾಗಿತ್ತು. ಕಟ್ಟಡದವರೆಲ್ಲ ತಂತಮ್ಮ ಫೋನಿನಲ್ಲೇ ಮೆಟ್ಟಿಲು ನೋಡಬಹುದು. ಅಲ್ಲಿ ಯಾರಾದರೂ ಸ್ವಲ್ಪ ಹೊತ್ತು ನಿಂತರೆ ಆ ತುಣುಕು ತಾನಾಗಿಯೇ ಎಲ್ಲರಿಗೂ ಹೋಗುತ್ತದೆ. ಇದರ ಪಾಸ್‌ವರ್ಡನ್ನು ಯಾರೂ ಮರೆಯಬಾರದೆಂದು ಮಾವ ಒಂದರಿಂದ ಎಂಟರವರೆಗಿನ ಅಂಕಿಗಳನ್ನೇ ಸಾಲಾಗಿ ಇಟ್ಟರು. ಅದೂ ಸಾಲದೆಂದು ಗೇಟಿನ ಪಕ್ಕದ ಸೂಚನಾ ಫಲಕಕ್ಕೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದರು. ಕೆಳಗೆ ಕೆಂಪು ಶಾಯಿಯಲ್ಲಿ, 'ಇದು ಗುಟ್ಟು, ಹೊರಗಿನವರಿಗೆ ಹೇಳಬೇಡಿ' ಎಂದೂ ಸೇರಿಸಿದ್ದರು. ಕೊರಿಯರಿನವರು, ಪೇಪರಿನವರು, ನೀರಿನ ಮೀಟರ್ ಓದುವವರು ಎಲ್ಲರೂ ಅದನ್ನು ಓದಿ, ಯಾರಿಗೂ ಹೇಳದೆ ಮುಂದೆ ಹೋಗುತ್ತಿದ್ದರು.

ಕ್ಯಾಮೆರಾ ಬಂದ ಹತ್ತೊಂಬತ್ತನೆಯ ದಿನ ಮೊದಲ ಮಹಡಿಯ ಲೆಕ್ಕಿಗ ತನ್ನ ಪ್ಯಾಂಟು ಕೇಳಲು ಬಂದ. ಇನ್ನೂ ಆಗಿಲ್ಲ, ನಾಳೆ ಬನ್ನಿ ಎಂದಳು ಟೈಲರಮ್ಮ.

"ಆಗಿಲ್ಲ ಅಂತ ಗೊತ್ತು ಬಿಡಿ. ಬೆಳಗ್ಗೆಯಿಂದ ಆ ನರ್ಸಮ್ಮನ ಯೂನಿಫಾರಂ ಹಿಡ್ಕೊಂಡೇ ಕೂತಿದೀರಿ. ಅವರಿಗೆ ತೋಳು ಬಿಗಿ ಆಯ್ತಲ್ವಾ?" ಎಂದ ಲೆಕ್ಕಿಗ, ಹವಾಮಾನದ ಬಗ್ಗೆ ಮಾತಾಡುವವನ ಹಾಗೆ.

ಟೈಲರಮ್ಮನ ಕೈಯ ಕತ್ತರಿ ನಿಂತಿತು. ನರ್ಸಮ್ಮನಿಗೆ ತೋಳು ಬಿಗಿಯಾದದ್ದು ಪರದೆಯ ಒಳಗೆ. ಅದು ಗೊತ್ತಿದ್ದದ್ದು ಇಬ್ಬರಿಗೇ. ಅವಳು ಸದ್ದಿಲ್ಲದೆ ಎದ್ದು, ಎಲ್ಲಿ ನೋಡಿದಿರಿ, ತೋರಿಸಿ ಎಂದಳು. ಅವನು ಫೋನಿನಲ್ಲಿ ಮೆಟ್ಟಿಲ ಕ್ಯಾಮೆರಾ ತೆರೆದ. ಅವಳು ಅದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ತೆರೆಯ ಮೇಲೆ ಮುಕ್ಕಾಲು ಪಾಲು ಮೆಟ್ಟಿಲು. ಬಲಗಡೆ ಎತ್ತರದ ಕಿಟಕಿ, ಅದರೊಳಗೆ ಹಸಿರು ಪರದೆಯ ಮೂಲೆ, ಗೋಡೆಗೆ ಹೊಡೆದ ಕನ್ನಡಿ, ಕನ್ನಡಿಯ ಮುಂದಿನ ಸ್ಟೂಲು. ಎಲ್ಲ ಅಂಗೈ ಮೇಲಿಟ್ಟಷ್ಟು ಸ್ಪಷ್ಟ. ಲೆಕ್ಕಿಗ ಇದ್ದಕ್ಕಿದ್ದಂತೆ ಕೆಮ್ಮಿ, ತಾನು ಅಪ್ಪಿತಪ್ಪಿ ಒಂದೇ ಸಲ ತೆರೆದದ್ದೆಂದು ಹೇಳಿ ಜಾಗ ಖಾಲಿಮಾಡಿದ.

ಅವಳು ಕತ್ತರಿಯನ್ನು ಮೇಜಿನ ಮೇಲೆ ಎಸೆದಳು. ಅಳತೆಪಟ್ಟಿ ಕೊರಳಲ್ಲಿ ನೇತಾಡುತ್ತಿದ್ದಂತೆಯೇ ಎರಡನೆಯ ಮಹಡಿ ಹತ್ತಿದಳು.

ಮಾವ ಶಾಂತವಾಗಿ ಕೇಳಿಸಿಕೊಂಡರು. ಕ್ಯಾಮೆರಾ ಹಾಕಿದ್ದು ಎಲ್ಲರ ಒಳ್ಳೆಯದಕ್ಕೆ, ಈ ವಯಸ್ಸಿನಲ್ಲಿ ಅಂಥದ್ದನ್ನೆಲ್ಲ ನೋಡುವ ಚಪಲ ತಮಗಿಲ್ಲ ಎಂದರು. ನೀವು ನೋಡುವುದಿಲ್ಲ ಸರಿ, ಉಳಿದವರು ನೋಡುತ್ತಿದ್ದಾರಲ್ಲ ಎಂದಳು ಅವಳು. ಆಗ ಮಾವ ಸುರಕ್ಷತೆಯ ಶಾಸ್ತ್ರದ ಕೊನೆಯ ಸೂತ್ರವನ್ನು ಹೊರತೆಗೆದರು.

"ಮುಚ್ಚಿಡೋಕೆ ಏನೂ ಇಲ್ಲದೋರಿಗೆ ಭಯ ಯಾಕಮ್ಮ?"

"ಮುಚ್ಚೋದೇ ನನ್ನ ಕಸುಬು ಮಾವ. ಇಲ್ಲದಿದ್ರೆ ಜನ ಬಟ್ಟೆ ಯಾಕೆ ಹೊಲಿಸ್ತಾರೆ?"

ಮಾವನಿಗೆ ಇದು ಉದ್ಧಟತನವೆನಿಸಿತು. ಅವಳು ಕೆಳಗಿಳಿಯುವಷ್ಟರಲ್ಲಿ ಗುಂಪಿಗೆ ಸಂದೇಶ ಬಂದಿತ್ತು. ಜಾಗ್ರತೆ, ಕೆಲವರು ಕ್ಯಾಮೆರಾವನ್ನು ವಿರೋಧಿಸುತ್ತಿದ್ದಾರೆ, ಯಾಕಿರಬಹುದು ಯೋಚಿಸಿ. ಹದಿನಾಲ್ಕು ಮಂದಿ ಯೋಚಿಸದೆಯೇ ಹೆಬ್ಬೆರಳೆತ್ತಿದರು.

ಬಟ್ಟೆ ಅಳೆಯುವ ಮೀಟರ್ ಕೋಲು ತೆಗೆದುಕೊಂಡು ಆ ಕ್ಯಾಮೆರಾಕ್ಕೆ ನಾಲ್ಕು ಬಾರಿಸಬೇಕೆಂದು ಅವಳ ಕೈ ತುರಿಸುತ್ತಿತ್ತು. ಬಾರಿಸುವ ಮೊದಲು ಅಕ್ಕನಿಗೆ ಫೋನ್ ಮಾಡಿದ್ದು ಪುಣ್ಯ. ಅಕ್ಕ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್. ಇಪ್ಪತ್ತು ವರ್ಷ ಊರಿನವರ ಜಗಳಗಳನ್ನೆಲ್ಲ ನೀಟಾಗಿ ಟೈಪ್ ಮಾಡಿ ಮಾಡಿ, ಯಾವುದಕ್ಕೂ ಗಾಬರಿಯಾಗದ ಗಂಟಲು ಅವಳದು.

"ಅದನ್ನ ಮುಟ್ಟೀಯ ಮತ್ತೆ. ಮುರಿದ್ರೆ ಕೇಸು ನಿನ್ನ ಮೇಲೇ ಆಗುತ್ತೆ, ಅವರು ಪಾಪದವರಾಗ್ತಾರೆ. ನಾನು ಹೇಳಿದಷ್ಟು ಮಾಡು," ಎಂದಳು.

ಬಟ್ಟೆ ಬದಲಿಸುವ ಜಾಗವನ್ನು ಒಪ್ಪಿಗೆಯಿಲ್ಲದೆ ಚಿತ್ರೀಕರಿಸುವುದು ಒಂದು ತಪ್ಪು, ಅದನ್ನು ಹತ್ತು ಜನಕ್ಕೆ ತೋರಿಸುವುದು ಬೇರೆಯೇ ತಪ್ಪು ಎಂದು ಅಕ್ಕ ಬಿಡಿಸಿ ಹೇಳಿದಳು. ಮೊದಲು ಕಿಟಕಿಗೆ ದಪ್ಪ ರಟ್ಟು ಹೊಡೆಯಬೇಕು. ಹೊಡೆಯುವ ಮುಂಚೆ, ಮೂಲೆ ಖಾಲಿಯಿರುವಾಗ, ಕ್ಯಾಮೆರಾದಲ್ಲಿ ಅದು ಕಾಣುವುದನ್ನು ದಿನಾಂಕ, ಗಂಟೆ ಬರುವ ಹಾಗೆ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಹೆಂಗಸರಿರುವ ಒಂದು ತುಣುಕನ್ನೂ ತನ್ನ ಫೋನಿಗೆ ಇಳಿಸಕೂಡದು, ಸಾಕ್ಷಿಗೆಂದು ಯಾರಿಗೂ ಕಳಿಸಲೂ ಕೂಡದು. ಸೂಚನಾ ಫಲಕದ ಫೋಟೋ ಬೇಕು. ಸಂಘಕ್ಕೆ ಪತ್ರ ಬರೆದು, ಇನ್ನೊಂದು ಪ್ರತಿಯ ಮೇಲೆ 'ತಲುಪಿದೆ' ಎಂದು ಸಹಿ ಹಾಕಿಸಿಕೊಳ್ಳಬೇಕು. ಆಮೇಲೆ ಠಾಣೆ.

ಇಷ್ಟು ಹೇಳಿದ ಮೇಲೆ ಅಕ್ಕ ಸೇರಿಸಿದಳು. "ಇನ್ನೊಂದಿದೆ. ಆ ಹತ್ತೊಂಬತ್ತು ದಿನದಲ್ಲಿ ಬಂದೋರಿಗೆಲ್ಲ ನೀನೇ ಹೇಳ್ಬೇಕು."

ಠಾಣೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಒಂದು ಗಂಟೆಯಲ್ಲಿ ಮುಗಿಸಿದಳು. ಪತ್ರ ಕೊಟ್ಟಾಗ ಮಾವ ಸಹಿ ಹಾಕಲು ಮೊದಲು ಒಪ್ಪಲಿಲ್ಲ. ಉಗ್ರಾಣದಲ್ಲಿ ಸಹಿಯಿಲ್ಲದೆ ಒಂದು ಮೊಳೆಯನ್ನಾದರೂ ಹೊರಗೆ ಬಿಟ್ಟಿದ್ದಿರಾ ಎಂದು ಅವಳು ಕೇಳಿದ ಮೇಲೆ, ಅಭ್ಯಾಸಬಲದಿಂದ ಹಾಕಿಬಿಟ್ಟರು. ಆದರೆ ಕೊನೆಯ ಕೆಲಸಕ್ಕೆ ಅವಳಿಗೆ ಧೈರ್ಯವೇ ಬರಲಿಲ್ಲ. ಅಳತೆ ಪುಸ್ತಕ ತೆರೆದು ಪಟ್ಟಿ ಮಾಡಿದಳು. ಹನ್ನೊಂದು ಜನ. ಫೋನ್ ಕೈಗೆತ್ತಿಕೊಂಡಳು, ಕೆಳಗಿಟ್ಟಳು, ಮಿಷನ್ನಿಗೆ ಎಣ್ಣೆ ಬಿಟ್ಟಳು, ಮತ್ತೆ ಎತ್ತಿಕೊಂಡಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವಂತಿಲ್ಲ, ಹೇಳಿದರೆ ಅಂಗಡಿಯೇ ಮುಚ್ಚಬಹುದು. ಆದರೂ ಒಬ್ಬೊಬ್ಬರಿಗೇ ಹೇಳಿದಳು. ಒಬ್ಬಾಕೆ ಬಾಯಿಗೆ ಬಂದಂತೆ ಬೈದಳು. ಒಬ್ಬಾಕೆ ಮಾತು ಮುಗಿಯುವ ಮೊದಲೇ ಫೋನಿಟ್ಟಳು. ಇನ್ನೊಬ್ಬಳು ತನ್ನ ಗಂಡನಿಗೆ ಮಾತ್ರ ಹೇಳಬೇಡಿ ಎಂದು ಅತ್ತಳು. ಯಾರೋ ಮಾಡಿದ ತಪ್ಪಿಗೆ ಇವಳು ಹನ್ನೊಂದು ಸಲ ಕ್ಷಮೆ ಕೇಳಿದಳು.

ನರ್ಸಮ್ಮ ಮಾತ್ರ, "ನೀವು ಹೇಳ್ದೆ ಇದ್ದಿದ್ರೆ ನಿಮ್ಮನ್ನ ಬಿಡ್ತಿರಲಿಲ್ಲ. ಠಾಣೆಗೆ ಯಾವಾಗ ಹೋಗ್ತೀರಿ? ನಾನೂ ಬರ್ತೀನಿ," ಎಂದಳು.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆ ಸಜ್ಜನ. ಏನು ಕಳುವಾಯಿತು ಎಂದು ಕೇಳಿದ. ಏನೂ ಕಳುವಾಗಿಲ್ಲ ಎಂದಳು ಟೈಲರಮ್ಮ. ಯಾರಾದರೂ ಹೊಡೆದರೇ? ಇಲ್ಲ. ಹಾಗಾದರೆ ಏನೂ ಆಗಿಯೇ ಇಲ್ಲವಲ್ಲ ಎಂದು ಅವನಿಗೆ ಸಂತೋಷವಾಯಿತು. ಕ್ಯಾಮೆರಾ ಇರಬೇಕಮ್ಮ, ಹಾಕಿ ಹಾಕಿ ಅಂತ ನಾವೇ ಹೇಳುತ್ತೇವೆ ಎಂದು ಗೋಡೆಯ ಮೇಲಿನ ಪೋಸ್ಟರನ್ನೂ ತೋರಿಸಿದ. ಆಗ ನರ್ಸಮ್ಮ ಅವನ ಮೇಜಿನ ಮೇಲೆ ಎರಡೂ ಕೈ ಊರಿದಳು.

"ನಾನು ಸೀರೆ ಬಿಚ್ಚಿ ಯೂನಿಫಾರಂ ಹಾಕ್ಕೊಳ್ಳೋದನ್ನ ಮೂವತ್ತು ಮನೆಯವರು ನೋಡಿದಾರೆ. ಇದು ಯಾವ ಕಲಮಿಗೆ ಬರುತ್ತೆ ಅನ್ನೋದು ನಿಮಗೆ ಗೊತ್ತಿರ್ಬೇಕು. ಇಲ್ಲಾಂದ್ರೆ ಮೇಲಿನೋರನ್ನ ಕರೀರಿ, ಕಾಯ್ತೀವಿ."

ಅಷ್ಟು ಹೊತ್ತು ಎಲ್ಲೂ ಸಿಗದಿದ್ದ ಪೆನ್ನು ಆಗ ಅವನ ಕಿಸೆಯಲ್ಲೇ ಸಿಕ್ಕಿತು. ದೂರು ಬರೆದುಕೊಂಡು, ಮೊಹರು ಒತ್ತಿ ಒಂದು ಪ್ರತಿ ಕೊಟ್ಟ. ಅಧಿಕಾರಿ ಸೋಮವಾರ ಸ್ಥಳಕ್ಕೆ ಬರುತ್ತಾರೆ ಎಂದ.

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಅಷ್ಟರೊಳಗೆ ಮಾವ ತಮ್ಮ ಹಳ್ಳ ತಾವೇ ತೋಡಿಕೊಂಡರು. ಭಾನುವಾರ ಬೆಳಗ್ಗೆ ಹೆಂಡತಿಯ ಜೊತೆ ತರಕಾರಿ ತರಲು ಹೊರಟವರು, ಮೆಟ್ಟಿಲ ತಿರುವಿನಲ್ಲಿ ಮೊಣಕಾಲು ನೋವೆಂದು ನಿಂತರು. ನಿಂತ ಮೇಲೆ ಬಾಯಿ ಸುಮ್ಮನಿರಬೇಕಲ್ಲ. ಸಂಘದ ಅಧ್ಯಕ್ಷೆಯ ಮಾತು ಬಂತು. ಆಕೆ ನಿವೃತ್ತ ಪ್ರಿನ್ಸಿಪಾಲರು. ಸಭೆಯಲ್ಲಿ ಆಕೆ ಭಾಷಣಕ್ಕೆ ಎದ್ದರೆ ಕೂರಿಸಲು ಕ್ರೇನ್ ತರಿಸಬೇಕು ಎಂದರು ಮಾವ. ಲೆಕ್ಕಿಗ ದಡ್ಡ ಶಿಖಾಮಣಿ, ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಕ್ಕೇ ಅವನನ್ನು ಸಮಿತಿಗೆ ಹಾಕಿಕೊಂಡದ್ದು ಎಂದರು. ಮೂರನೆಯ ಮಹಡಿಯವರಿಗಿಂತ ಅವರ ನಾಯಿಗೇ ಬುದ್ಧಿ ಹೆಚ್ಚು ಎಂದರು. ಹೆಂಡತಿ ಸಾಕು ನಡೀರಿ ಎಂದು ಕೈ ಹಿಡಿದೆಳೆಯುವವರೆಗೆ ಯಾವ ಮನೆಯನ್ನೂ ಬಿಡಲಿಲ್ಲ. ಪಕ್ಷಪಾತ ಅವರ ಸ್ವಭಾವದಲ್ಲೇ ಇರಲಿಲ್ಲ.

ಕ್ಯಾಮೆರಾಕ್ಕೆ ಕಣ್ಣಿನ ಜೊತೆ ಕಿವಿಯೂ ಇದೆಯೆಂದು ಅದರ ಪುಸ್ತಿಕೆಯ ಎರಡನೆಯ ಪುಟದಲ್ಲೇ ಬರೆದಿತ್ತು. ಇಡೀ ಕಟ್ಟಡಕ್ಕೆ ಎಲ್ಲವನ್ನೂ ಓದಿ ಒತ್ತಿ ಎಂದು ಬೋಧಿಸುತ್ತಿದ್ದವರು ಪುಸ್ತಿಕೆಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೇ ತೆಗೆದಿರಲಿಲ್ಲ. ಮಾವ ತರಕಾರಿ ಆರಿಸುತ್ತಿದ್ದಾಗ ಆ ಆರು ನಿಮಿಷದ ತುಣುಕು ಮೂವತ್ತೊಂದು ಮನೆಗಳಿಗೂ ತಲುಪಿತು. ಒಂದು ಗಂಟೆಯ ಮೇಲೆ ಅಧ್ಯಕ್ಷೆ ಗುಂಪಿನಲ್ಲಿ ಒಂದೇ ಸಾಲು ಬರೆದರು. ಕಾರ್ಯದರ್ಶಿಗಳಿಗೆ ಧನ್ಯವಾದ, ಧ್ವನಿ ಬಹಳ ಸ್ಪಷ್ಟವಾಗಿದೆ.

ಮಧ್ಯಾಹ್ನ ಮಾವ ಟೈಲರಮ್ಮನ ಬಾಗಿಲಲ್ಲಿ ನಿಂತಿದ್ದರು. ಮುಖ ಹಿಂಡಿದ ಬಟ್ಟೆಯಾಗಿತ್ತು. ಅವಳು ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಕಾಲರು ಕೂರಿಸುತ್ತಿದ್ದಳು. ಅದೇ ಒಳ್ಳೆಯದಾಯಿತು. ಇಲ್ಲದಿದ್ದರೆ ಏನೆಲ್ಲ ಹೇಳುತ್ತಿದ್ದಳೋ.

"ಗಂಡ ಹೆಂಡತಿ ಮಾತಾಡ್ಕೊಳ್ಳೋದು ಖಾಸಗಿ ಅಲ್ವೇನಮ್ಮ? ಅದನ್ನ ಎಲ್ಲರೂ ಕೇಳೋದು ಅಂದ್ರೆ ಏನರ್ಥ? ಕಾನೂನು ಅಂತ ಒಂದಿರಬೇಕಲ್ಲ. ನಿಮ್ಮ ಅಕ್ಕನ್ನ ಒಂದು ಮಾತು ಕೇಳ್ತೀಯಾ?" ಎಂದರು ಮಾವ.

ಅವಳು ಸೂಜಿಗಳನ್ನು ಒಂದೊಂದಾಗಿ ದಿಂಬಿಗೆ ಚುಚ್ಚಿದಳು. ನಗು ಬರಲಿಲ್ಲ ಅವಳಿಗೆ. ಅವರು ನೋಯುವ ಮೊಣಕಾಲನ್ನು ಉಜ್ಜಿಕೊಳ್ಳುತ್ತಿದ್ದರು. ಸ್ಟೂಲು ಎಳೆದುಹಾಕಿ, ಅಕ್ಕನನ್ನು ಕೇಳುವ ಅಗತ್ಯವಿಲ್ಲ, ತನಗೇ ಗೊತ್ತಿದೆ ಎಂದಳು. ಅಪ್ಪಣೆಯಿಲ್ಲದೆ ದಾಖಲಾದದ್ದನ್ನು ಅಳಿಸಿ ಎಂದು ಲಿಖಿತದಲ್ಲಿ ಕೇಳಬಹುದು. ಆದರೆ ಆ ಕ್ಯಾಮೆರಾ ಹಾಕಿಸಿದವರೂ ನೀವೇ, ಅದನ್ನು ಹಂಚಿದವರೂ ನೀವೇ. ಹಾಗಾಗಿ ಪತ್ರ ನಿಮಗೇ ಬರೆಯಬೇಕಾಗುತ್ತದೆ ಎಂದಳು.

"ನಾಳೆ ಅಧಿಕಾರಿ ಬಂದಾಗ ನಡೆದದ್ದನ್ನ ನಡೆದ ಹಾಗೇ ಹೇಳಿ ಮಾವ. ಅಲ್ಲಿವರೆಗೆ ಏನನ್ನೂ ಅಳಿಸ್ಬೇಡಿ. ಅಳಿಸಿದ್ರೆ ಅದು ಇನ್ನೊಂದು ತಪ್ಪಾಗುತ್ತೆ."

"ನನ್ನ ಮೇಲೆ ಕೇಸ್ ಹಾಕ್ತಾರಾ?"

"ಅದು ನನ್ನ ಕೈಲಿಲ್ಲ. ಆ ಹನ್ನೊಂದು ಜನ ಇದಾರೆ, ಅವರನ್ನ ಕೇಳ್ಬೇಕು."

ಸೋಮವಾರ ಅಧಿಕಾರಿ ಬಂದರು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಯಾರು ಎಷ್ಟು ಸಲ ನೋಡಿದ್ದಾರೆಂಬ ಪಟ್ಟಿಯೂ ಅದರ ಆ್ಯಪಿನಲ್ಲಿತ್ತು. ಅಪ್ಪಿತಪ್ಪಿ ಒಂದೇ ಸಲ ನೋಡಿದ ಲೆಕ್ಕಿಗನ ಮುಂದೆ ಅರವತ್ತನಾಲ್ಕು ಎಂದಿತ್ತು. ಅವನು ತನ್ನ ವೃತ್ತಿಜೀವನದಲ್ಲೇ ಮೊದಲ ಬಾರಿಗೆ ಅಂಕಿಗಳನ್ನು ನಂಬಬಾರದೆಂದು ವಾದಿಸಿದ. ಅಧಿಕಾರಿ ಅವನ ಫೋನನ್ನೂ ಲಕೋಟೆಗೆ ಹಾಕಿಕೊಂಡರು. ಉಳಿದವರು ಅವರೆದುರೇ ಎಲ್ಲವನ್ನೂ ಅಳಿಸಿ, ಅಳಿಸಿದ್ದೇವೆಂದು ಬರೆದುಕೊಟ್ಟರು. ಕ್ಯಾಮೆರಾ ಗೇಟಿಗೆ ಹೋಯಿತು, ಅದರ ಕಿವಿ ಮುಚ್ಚಲಾಯಿತು, ಪಾಸ್‌ವರ್ಡ್ ಅಧ್ಯಕ್ಷೆಯ ತಲೆಯೊಳಗೆ ಸೇರಿತು. ಮಾವ ಹನ್ನೊಂದು ಜನಕ್ಕೂ ಕ್ಷಮಾಪಣೆ ಬರೆದರು. ಆರು ಜನ ಸ್ವೀಕರಿಸಿದರು, ಐವರು ಸ್ವೀಕರಿಸಲಿಲ್ಲ. ಪ್ರಕರಣ ನಡೆಯುತ್ತಿದೆ. ಮಾವ ವಾಯಿದೆಗೊಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೋರ್ಟಿಗೆ ಹೋಗಿಬರುತ್ತಾರೆ. ನಡುವೆ ಸಂಘದ ಸಭೆಯಲ್ಲಿ 'ಖಾಸಗಿತನ ನಮ್ಮ ಹಕ್ಕು' ಎಂದು ಮುಕ್ಕಾಲು ಗಂಟೆ ಮಾತಾಡಿ, ಅಧ್ಯಕ್ಷೆಯಿಂದಲೇ ಕೂರಿಸಿಕೊಂಡರು.

ನಾಲ್ವರು ಗಿರಾಕಿಗಳು ಮತ್ತೆ ಈ ಕಡೆ ತಲೆಹಾಕಲಿಲ್ಲ. ಟೈಲರಮ್ಮ ಅವರ ಅಳತೆಯ ಪುಟಗಳನ್ನು ಹರಿದಿಲ್ಲ.

ನರ್ಸಮ್ಮ ತಿಂಗಳ ಮೇಲೆ ಬಂದಳು. ಪರದೆಯ ಹಿಂದೆ ಹೋದವಳು ಮೊದಲು ಕಿಟಕಿಯ ರಟ್ಟನ್ನು ಬೆರಳಿಂದ ತಟ್ಟಿದಳು. ಚಾವಣಿಯ ನಾಲ್ಕೂ ಮೂಲೆ ನೋಡಿದಳು. ಕನ್ನಡಿಯ ಹಿಂದೆಯೂ ಕೈಯಾಡಿಸಿದಳು. ಟೈಲರಮ್ಮ ಅವಸರ ಮಾಡದೆ ಹೊರಗೆ ಕಾದಳು. ಕೊನೆಗೆ ಪರದೆ ಎಳೆದ ಸದ್ದು ಕೇಳಿತು, ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ದನಿಯೂ ಬಂತು. ಈಗ ತೋಳು ಸಡಿಲವಾಗಿದೆಯಂತೆ.